ಕಡಲತೀರಕ್ಕೊಂದು ಅಗ್ಗದ ಮೆಟಲ್ ಡಿಟೆಕ್ಟರ್

ಮಲ್ಪೆಯ ಮರಳಿನಲ್ಲಿ ಮೊದಲ ಬಾರಿ ಡಿಟೆಕ್ಟರ್ ಹಿಡಿದು ನಡೆದಾಗ, ಒಣ ಮರಳಿನಲ್ಲಿ ಶಾಂತವಾಗಿದ್ದ ನನ್ನ ಯಂತ್ರವು ಅಲೆ ತಾಗುವ ಜಾಗಕ್ಕೆ ಬಂದೊಡನೆ ಏನೂ ಇಲ್ಲದೆಯೇ ಒಂದೇ ಸಮನೆ ಕೂಗತೊಡಗಿತು. ಉಪ್ಪುನೀರು ವಿದ್ಯುತ್ ವಾಹಕವಾದ್ದರಿಂದ ಒಂದೇ ಆವರ್ತನದಲ್ಲಿ ಕೆಲಸ ಮಾಡುವ ಸಾಮಾನ್ಯ ಯಂತ್ರಕ್ಕೆ ಒದ್ದೆ ಮರಳೇ ಲೋಹದಂತೆ ತೋರುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು. ಯಂತ್ರದ ಸೂಕ್ಷ್ಮತೆಯನ್ನು ತಗ್ಗಿಸಿದರೆ ಕೂಗು ನಿಲ್ಲುತ್ತದೆ, ಆದರೆ ಆಳದಲ್ಲಿರುವ ಸಣ್ಣ ಉಂಗುರವೂ ಕೈತಪ್ಪುತ್ತದೆ.

ಆದ್ದರಿಂದ ಸಮುದ್ರತೀರಕ್ಕೆಂದೇ ಕೊಳ್ಳುವವರು ಏಕಕಾಲದಲ್ಲಿ ಹಲವು ಆವರ್ತನಗಳನ್ನು ಬಳಸುವ ಯಂತ್ರವನ್ನೇ ಮೊದಲು ನೋಡಬೇಕೆಂದು ನನ್ನ ಅಭಿಪ್ರಾಯ. ಮೈನ್‌ಲ್ಯಾಬ್‌ನ ವ್ಯಾಂಕ್ವಿಶ್ ಸರಣಿ ಈ ಸೌಲಭ್ಯವನ್ನು ಕಡಿಮೆ ಬೆಲೆಯ ವರ್ಗಕ್ಕೆ ತಂದಿತು. ಆದರೆ ಅದರಲ್ಲಿ ನೀರಿಗಿಳಿಸಬಹುದಾದದ್ದು ಲೋಹವನ್ನು ಪತ್ತೆಹಚ್ಚುವ ಕೆಳಗಿನ ತಂತಿಸುರುಳಿ ಮಾತ್ರ, ಮೇಲಿನ ನಿಯಂತ್ರಣ ಪೆಟ್ಟಿಗೆಯಲ್ಲ. ನೋಕ್ಟಾದ ಸಿಂಪ್ಲೆಕ್ಸ್ ಪ್ಲಸ್ 3 ಮೀಟರ್ ಆಳದವರೆಗೆ ಪೂರ್ತಿ ಜಲನಿರೋಧಕ, ಆದರೆ ಅದು 12 ಕಿಲೋಹರ್ಟ್ಸ್‌ನ ಏಕ ಆವರ್ತನದ್ದು. ಅಲೆ ಬಡಿಯುವ ಕಡೆ ನಿಲ್ಲುವ ಆಸೆ ಇಲ್ಲದಿದ್ದರೆ ನಾನು ಮೊದಲನೆಯದನ್ನೇ ಆರಿಸುವೆ. ವಿದ್ಯುತ್ತನ್ನು ಬಿಟ್ಟು ಬಿಟ್ಟು ಮಿಡಿತಗಳಾಗಿ ಹರಿಸಿ ಲೋಹ ಹುಡುಕುವ ಪಲ್ಸ್ ಇಂಡಕ್ಷನ್ ಯಂತ್ರಗಳು ಉಪ್ಪಿಗೂ ಕಬ್ಬಿಣದ ಅಂಶವಿರುವ ಕಪ್ಪು ಮರಳಿಗೂ ಹೆಚ್ಚು ಜಗ್ಗುವುದಿಲ್ಲ. ಆದರೆ ಅವು ಸಾಮಾನ್ಯವಾಗಿ ಮೊಳೆಯನ್ನೂ ಚಿನ್ನವನ್ನೂ ಬೇರ್ಪಡಿಸಲಾರವು, ಹಾಗಾಗಿ ಅಗೆದು ಅಗೆದು ಸೊಂಟ ನೋಯುತ್ತದೆ.

ರಂಧ್ರವಿರುವ ಮರಳುಸೌಟಿಗೂ ಸ್ವಲ್ಪ ಹಣ ಉಳಿಸಿಕೊಳ್ಳಿ. ಅಂದಹಾಗೆ, ಕಾನೂನಿನ ಪ್ರಕಾರ ಬೆಲೆಬಾಳುವ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನನಗೆ ಇದುವರೆಗೆ ಸಿಕ್ಕಿದ್ದು ಬಾಟಲಿ ಮುಚ್ಚಳಗಳು ಮತ್ತು ತುಕ್ಕು ಹಿಡಿದ ಗಾಳಗಳು.