ನಾಳೆ ಗಣಿತ

ಭಾನುವಾರ, 23 ಮಾರ್ಚ್ 2025, ರಾತ್ರಿ 10:20

ನಾಳೆ ಗಣಿತ. ಪರೀಕ್ಷೆ ನನಗಲ್ಲ, ನಾನು ಲೆಕ್ಕ ಹೇಳಿಕೊಡುವ ಹತ್ತನೇ ಕ್ಲಾಸಿನ ಮಕ್ಕಳಿಗೆ. ಆದರೂ ಸಂಜೆ ಡೈರಿಯಲ್ಲಿ ಇಬ್ಬರ ಸ್ಯಾಂಪಲ್ ಅದಲುಬದಲು ಮಾಡಿ, ಒಬ್ಬರ ಹಾಲಿನ ಫ್ಯಾಟನ್ನು, ಅಂದರೆ ಕೊಬ್ಬಿನ ಶೇಕಡಾವಾರನ್ನು, ಇನ್ನೊಬ್ಬರ ಹೆಸರಿಗೆ ಬರೆದು, ಚೆನ್ನಾಗಿ ಬೈಸಿಕೊಂಡು ಬಂದಿದ್ದೇನೆ. ದಿನಾ 4.1 ಬರುವ ಹಸುವಿನ ಹಾಲಿಗೆ 3.5 ಅಂತ ಬರೆದರೆ ಯಾರು ಸುಮ್ಮನಿರುತ್ತಾರೆ ಹೇಳಿ. ಚೀಟಿ ಹರಿದು ಹೊಸದು ಬರೆದುಕೊಟ್ಟೆ.

ಹೊಸದಾಗಿ ಓದುತ್ತಿರುವವರಿಗೆ: ನಾನು ಟೀಚರ್ ಅಲ್ಲ. ತಿಪಟೂರು ಕಡೆಯ ಒಂದು ಹಳ್ಳಿ ನಮ್ಮದು, ಇಲ್ಲಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವುದು ನನ್ನ ಕೆಲಸ. ಬೆಳಗ್ಗೆ ಆರಕ್ಕೊಂದು ಸರದಿ, ಸಂಜೆ ಆರಕ್ಕೊಂದು. ಬಿ.ಎಸ್ಸಿ. ಓದುವಾಗ ಗಣಿತ ಇತ್ತು, ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಅದು ಹಾಲಿನ ಲೆಕ್ಕ ಬಿಟ್ಟರೆ ಬೇರೆ ಯಾವುದಕ್ಕೂ ಬಂದಿರಲಿಲ್ಲ. ಮೂರು ವರ್ಷದ ಹಿಂದೆ ಎದುರು ಮನೆಯ ಹುಡುಗಿ ಒಂದು ಲೆಕ್ಕ ಕೇಳಲು ಬಂದಳು, ಮಾರನೇ ದಿನ ಗೆಳತಿಯನ್ನೂ ಎಳೆದುಕೊಂಡು ಬಂದಳು, ಹಾಗೇ ಬೆಳೆದು ಈಗ ಪ್ರತಿ ವರ್ಷ ಐದಾರು ಎಸ್ಸೆಸ್ಸೆಲ್ಸಿ ಮಕ್ಕಳು ರಾತ್ರಿ ಏಳೂವರೆಗೆ ನಮ್ಮ ನಡುಮನೆಯಲ್ಲಿ ಬಂದು ಕೂರುತ್ತಾರೆ. ಫೀಸು ಗೀಸು ಏನಿಲ್ಲ. ಒಬ್ಬರ ಮನೆಯಿಂದ ಹುರುಳಿಕಾಳು ಬರುತ್ತದೆ, ಇನ್ನೊಬ್ಬರ ಮನೆಯಿಂದ ತೆಂಗಿನಕಾಯಿ. ಹಾಲು ಪರೀಕ್ಷೆ ಮಾಡೋಳು ಮಕ್ಕಳ ಪರೀಕ್ಷೆಗೂ ಕೈ ಹಾಕಿದ್ದಾಳೆ ಅಂತ ನಮ್ಮ ಮಾವ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಾರೆ. ಈ ವರ್ಷ ಐದು ಜನ. ಹೆಸರು ಇಲ್ಲಿ ಹಾಕುವುದಿಲ್ಲ, ಹಾಕಿದರೆ ಅವರು ನನ್ನ ಮನೆಗೆ ಬರುವುದಿಲ್ಲ.

ಶುಕ್ರವಾರ ಕನ್ನಡ ಮುಗಿಯಿತು. ಐವರೂ ನಗುತ್ತಾ ಬಂದರು. ನಿನ್ನೆ ಕರ್ನಾಟಕ ಬಂದ್ ಅಂತ ಇತ್ತಲ್ಲ, ನಮ್ಮೂರಲ್ಲಿ ಬಂದ್ ಮಾಡಲು ಇರುವುದೇ ಎರಡು ಅಂಗಡಿ, ಅವೂ ತೆರೆದಿದ್ದವು. ಹಸುವಿಗಂತೂ ಬಂದ್ ಗೊತ್ತಾಗುವುದಿಲ್ಲ, ಹಾಗಾಗಿ ನನಗೂ ರಜೆ ಇರಲಿಲ್ಲ. ನಿನ್ನೆ ರಾತ್ರಿ ಮಾತ್ರ ನನ್ನ ಲೆಕ್ಕ ತಪ್ಪಿತು. ಏಳೂವರೆಗೆ ಹುಡುಗಿಯರು ಮೂವರು ಬಂದರು, ಹುಡುಗರಿಬ್ಬರ ಪತ್ತೆಯೇ ಇಲ್ಲ. ಐಪಿಎಲ್ ಮೊದಲನೇ ಮ್ಯಾಚು, ಅದೂ ನಮ್ಮ ಆರ್‌ಸಿಬಿ. ಈ ವೇಳಾಪಟ್ಟಿ ಮಾಡುವವರ ಮನೆಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳು ಇರುವುದಿಲ್ವಾ ಅಂತ ನನ್ನ ಅನುಮಾನ.

ಇವತ್ತು ಬೆಳಗ್ಗೆ ಒಬ್ಬ ಸಿಕ್ಕಿದ. ಹಾಲಿನ ಕ್ಯಾನ್ ಹಿಡಿದುಕೊಂಡು ಕ್ಯೂನಲ್ಲಿ ಮುಖ ತಗ್ಗಿಸಿ ನಿಂತಿದ್ದ, ಕಣ್ಣು ಕೆಂಪಗಿತ್ತು. ಬೈಯಬೇಕು ಅಂತಲೇ ಬಾಯಿ ತೆರೆದೆ. ಯಾಕೋ ಗೊತ್ತಿಲ್ಲ, "ಎಷ್ಟು ಓವರ್‌ಗೆ ಗೆದ್ದರೋ?" ಅಂತ ಕೇಳಿಬಿಟ್ಟೆ.

"ಹದಿನಾರು ಪಾಯಿಂಟ್ ಎರಡು ಮಿಸ್. ಇನ್ನೂ ಇಪ್ಪತ್ತೆರಡು ಬಾಲ್ ಇತ್ತು!"

"ಹದಿನಾರು ಪಾಯಿಂಟ್ ಎರಡು ಅಂದರೆ ಹದಿನಾರೂ ಹತ್ತನೇ ಎರಡು ತಾನೇ?"

ಅವನು ನನ್ನನ್ನು ಪಾಪ ಅನ್ನುವ ಹಾಗೆ ನೋಡಿದ. "ಇಲ್ಲ ಮಿಸ್, ಆರನೇ ಎರಡು. ಓವರ್‌ಗೆ ಆರು ಬಾಲ್ ಅಲ್ವಾ. ತೊಂಬತ್ತೆಂಟು ಬಾಲ್‌ಗೆ ನೂರಾ ಎಪ್ಪತ್ತೇಳು ಹೊಡೆದಿದ್ದು, ಓವರ್‌ಗೆ ಹತ್ತೂ ಮುಕ್ಕಾಲಿಗಿಂತ ಒಂಚೂರು ಜಾಸ್ತಿ."

ಇದೇ ಹುಡುಗ ಜನವರಿಯಿಂದ ನನಗೆ ಬಹುಲಕದ (ಅತಿ ಹೆಚ್ಚು ಸಲ ಬರುವ ಬೆಲೆ ಕಂಡುಹಿಡಿಯುವ) ಲೆಕ್ಕದಲ್ಲಿ ಸೂತ್ರ ಬರೆದು, ಬೆಲೆ ತಪ್ಪು ತುಂಬಿಸಿ, ದಿನಾ ತಲೆನೋವು ತರಿಸಿದವನು. ಎಫ್0, ಎಫ್1, ಎಫ್2 ಯಾವುದು ಯಾವುದು ಅಂತ ಅವನಿಗೆ ಮೂರು ತಿಂಗಳು ನಿಲ್ಲಲಿಲ್ಲ. ಇವತ್ತು ಅಲ್ಲೇ ಹಾಲಿನ ಕ್ಯೂ ಮುಗಿದ ಮೇಲೆ ರೇಟಿನ ಪಟ್ಟಿಯ ಹಿಂದೆ ಬರೆದು ತೋರಿಸಿದೆ. ಆವೃತ್ತಿಗಳದ್ದು, ಅಂದರೆ ಯಾವ ಗುಂಪಿನಲ್ಲಿ ಎಷ್ಟು ಅನ್ನುವ ಸಂಖ್ಯೆಗಳದ್ದು, ಒಂದು ಬೀದಿ ಅಂದುಕೋ. ಎಲ್ಲಕ್ಕಿಂತ ಜಾಸ್ತಿ ಜನ ಇರುವ ಮನೆ ಎಫ್1. ಅದರ ಹಿಂದಿನ ಮನೆ ಎಫ್0, ಮುಂದಿನ ಮನೆ ಎಫ್2. ಅಷ್ಟೇ. "ಜಾಸ್ತಿ ಜನ ಇರೋ ಮನೇನೇ ಬೀದಿಯ ಮೊದಲನೇ ಮನೆ ಆದ್ರೆ?" ಅಂತ ಕೇಳಿದ. ಒಳ್ಳೇ ಪ್ರಶ್ನೆ. ಹಿಂದೆ ಮನೆಯೇ ಇಲ್ಲವಲ್ಲ, ಸೊನ್ನೆ ಹಾಕು. ಮೂರು ಲೆಕ್ಕ ಮಾಡಿದ, ಮೂರೂ ಸರಿ. ಮ್ಯಾಚ್ ನೋಡಿದ್ದಕ್ಕೆ ಬೈಯುವುದು ಕೊನೆಗೂ ಮರೆತೇ ಹೋಯಿತು.

ಇವನಿಗೆ ಬೇಕಾಗಿರುವುದು 28. ಗಣಿತದ ಪತ್ರಿಕೆ 80 ಅಂಕಕ್ಕೆ, 38 ಪ್ರಶ್ನೆ. ಪಾಸಾಗಲು ಈ ವರ್ಷದ, ಅಂದರೆ 2025ರ, ನಿಯಮದಂತೆ ಬರೆಯುವ ಪರೀಕ್ಷೆಯಲ್ಲಿ 28 ಬರಬೇಕು, ಶಾಲೆಯಲ್ಲಿ ಕೊಡುವ 20ರ ಆಂತರಿಕ ಅಂಕ ಸೇರಿ ಒಟ್ಟು 35 ಆಗಬೇಕು. ಇದಕ್ಕೆ ಅಂತಲೇ ಪಾಸಿಂಗ್ ಪ್ಯಾಕೇಜ್ ಅಂತ ಪ್ರತಿ ಶಾಲೆಯಲ್ಲೂ ಹಂಚುತ್ತಾರೆ, ವಾಟ್ಸಾಪಿನಲ್ಲಿ ದಿನಕ್ಕೊಂದು ಬರುತ್ತದೆ. ಗ್ರಾಫ್ ಕಲಿತರೆ 4, ಸರಾಸರಿ ಅಥವಾ ಬಹುಲಕಕ್ಕೆ 3, ಪ್ರಮೇಯ ಒಂದು, ಹೀಗೆ ಕೂಡಿಸಿಕೊಂಡು ಹೋಗುವುದು. ನಾನು ಅದನ್ನು ಬೈಯುವುದಿಲ್ಲ. ಮುಳುಗುತ್ತಿರುವವನಿಗೆ ಮೊದಲು ದಡ ಕಾಣಿಸಬೇಕು. ಆದರೆ ಮಕ್ಕಳು ಅದನ್ನು ತಾಯತದ ಹಾಗೆ ಇಟ್ಟುಕೊಳ್ಳುತ್ತಾರೆ, ಬಿಚ್ಚಿ ನೋಡುವುದೇ ಇಲ್ಲ. ಐದು ಜನರ ಚೀಲದಲ್ಲೂ ಪ್ಯಾಕೇಜ್ ಇದೆ, ಇಬ್ಬರದ್ದು ಇನ್ನೂ ಗರಿಗರಿಯಾಗಿದೆ.

ಇನ್ನು ಒಬ್ಬ ಹುಡುಗಿಯ ವಿಷಯ. ಬರೆಯಲೋ ಬೇಡವೋ ಅಂತ ಒಂದು ತಿಂಗಳಿಂದ ಯೋಚಿಸುತ್ತಿದ್ದೆ. ತಪ್ಪು ನನ್ನದು, ಬರೆದುಬಿಡುತ್ತೇನೆ.

ಅವಳು ಐವರಲ್ಲಿ ಎಲ್ಲರಿಗಿಂತ ಅಚ್ಚುಕಟ್ಟು. ಥೇಲ್ಸ್ ಪ್ರಮೇಯವನ್ನು (ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ಗೆರೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ ಅನ್ನುವುದು) ಪುಸ್ತಕದಲ್ಲಿ ಅಚ್ಚು ಹಾಕಿದ ಹಾಗೆ ಬರೆಯುತ್ತಾಳೆ. ತ್ರಿಭುಜ ಎಬಿಸಿ, ಬಿಸಿಗೆ ಸಮಾಂತರವಾಗಿ ಡಿಇ, ಬಿಇ ಮತ್ತು ಸಿಡಿ ಸೇರಿಸು, ಲಂಬ ಎಳೆ, ವಿಸ್ತೀರ್ಣ ಬರೆ, ಭಾಗಿಸು. ಒಂದು ಗೆರೆ ಆಚೀಚೆ ಇಲ್ಲ. ಫೆಬ್ರವರಿಯಲ್ಲಿ ನಾನೊಂದು ಸಣ್ಣ ಟೆಸ್ಟ್ ಕೊಟ್ಟೆ, ಸುಮ್ನೆ ಅಕ್ಷರ ಬದಲಾಯಿಸಿ ಪಿಕ್ಯುಆರ್ ಅಂತ ಚಿತ್ರ ಬರೆದು ಕೊಟ್ಟೆ. ಅವಳು ನನ್ನ ಚಿತ್ರದ ಕೆಳಗೆ ಇಡೀ ಸಾಧನೆಯನ್ನು ಎಬಿಸಿ ಅಂತಲೇ ಬರೆದಿದ್ದಳು. ಚಿತ್ರದಲ್ಲಿ ಎ ಎಲ್ಲಿದೆ ಅಂತ ಕೇಳಿದರೆ ಸುಮ್ಮನೆ ನಿಂತಳು. ಅವತ್ತು ಡೈರಿಯಲ್ಲಿ ಏನೋ ತಲೆಬಿಸಿ ಆಗಿತ್ತು, ಅದು ನೆಪ ಅಲ್ಲ, ಆದರೂ ಹೇಳುತ್ತಿದ್ದೇನೆ. "ಗಿಣಿ ಪಾಠ ಒಪ್ಪಿಸಿದ ಹಾಗೆ ಒಪ್ಪಿಸ್ತೀಯಲ್ಲೇ, ತಲೆ ಮನೇಲಿಟ್ಟು ಬರ್ತೀಯಾ?" ಅಂದೆ, ಎಲ್ಲರ ಮುಂದೆ. ಹುಡುಗರು ಕಿಸಕ್ ಅಂದರು.

ಮಾರನೇ ದಿನ ಬರಲಿಲ್ಲ. ಹೊಟ್ಟೆನೋವಂತೆ ಅಂತ ಗೆಳತಿ ಹೇಳಿದಳು. ಮೂರನೇ ದಿನವೂ ಹೊಟ್ಟೆನೋವು. ಐದನೇ ದಿನ ಗೆಳತಿಗೇ ಸುಳ್ಳು ಹೇಳಿ ಸಾಕಾಗಿ ನೆಲ ನೋಡತೊಡಗಿದಳು. ಒಂಬತ್ತು ದಿನ ಕಾದೆ, ಪರೀಕ್ಷೆ ಹತ್ತಿರ ಬಂದಾಗ ತಾನೇ ಬರುತ್ತಾಳೆ ಬಿಡು ಅಂತ. ಈ "ತಾನೇ ಬರುತ್ತಾಳೆ ಬಿಡು" ಅನ್ನುವುದರಲ್ಲಿ ನನ್ನ ಜಂಬ ಎಷ್ಟು, ಸೋಮಾರಿತನ ಎಷ್ಟು ಅಂತ ಫ್ಯಾಟ್ ತೆಗೆದು ಹೇಳುವ ಮೆಷಿನ್ ಇದ್ದಿದ್ದರೆ ಚೆನ್ನಾಗಿತ್ತು.

ಹತ್ತನೇ ದಿನ ಹೋದೆ. ಅವರಮ್ಮ ಸೀರೆಗೆ ಕುಚ್ಚು ಕಟ್ಟುತ್ತಾರೆ. ಕಿಟಕಿ ಸರಳಿಗೆ ಸೀರೆಯ ಸೆರಗು ಬಿಗಿದು, ತಾಯಿ ಮಗಳು ಎರಡು ತುದಿಯಲ್ಲಿ ಕೂತಿದ್ದರು. ಹುಡುಗಿಯ ಕೈ ನೋಡಬೇಕಿತ್ತು. ಎಳೆಗಳನ್ನು ಬೆರಳಲ್ಲೇ ಎಣಿಸಿ ಬೇರೆ ಮಾಡಿ, ರೇಷ್ಮೆ ದಾರ ಸುತ್ತಿ, ಗಂಟು ಹಾಕಿ, ತುದಿ ಕತ್ತರಿಸಿ, ಮುಂದಿನದಕ್ಕೆ ಹೋಗುತ್ತಿದ್ದಳು, ನನ್ನನ್ನು ನೋಡಿದ ಮೇಲೂ ಕೈ ನಿಲ್ಲಲಿಲ್ಲ, ತಲೆ ಮಾತ್ರ ಇನ್ನಷ್ಟು ಬಗ್ಗಿತು. ಒಂದು ಕುಚ್ಚಿಗೂ ಇನ್ನೊಂದಕ್ಕೂ ನಡುವಿನ ಜಾಗ ಸ್ಕೇಲ್ ಇಟ್ಟ ಹಾಗಿತ್ತು.

"ನನ್ನದು ತಪ್ಪಾಯ್ತು ಕಣೇ, ಹಂಗೆ ಅನ್ನಬಾರದಿತ್ತು" ಅಂದೆ.

ಅವಳಿಗಿಂತ ಅವಳ ಅಮ್ಮನಿಗೆ ಗಾಬರಿ ಆಯಿತು. "ಅಯ್ಯೋ ಅಕ್ಕಾ, ನೀವ್ಯಾಕೆ ಹಂಗಂತೀರ, ಎರಡು ಬಾರಿಸಿ ಕೇಳಿ, ನಾವೇನಾದ್ರೂ ಅಂತೀವಾ?" ಇದೊಂದು ಮಾತು ನನಗೆ ಎಲ್ಲಾ ಮನೆಯಲ್ಲೂ ಸಿಗುತ್ತದೆ. ಮಕ್ಕಳಿಗೆ ಹೊಡೆಯಲು ಇಡೀ ಊರೇ ನನಗೆ ಅನುಮತಿ ಕೊಟ್ಟಿದೆ.

ಅಷ್ಟರಲ್ಲಿ ಪಕ್ಕದ ಬೀದಿಯ ಒಬ್ಬರು ಸೀರೆ ಹಿಡಿದುಕೊಂಡು ಬಂದರು. ಎರಡು ಬಣ್ಣದ ದಾರದಲ್ಲಿ ಕಟ್ಟಿದರೆ ರೇಟು ಜಾಸ್ತಿಯಾ ಅಂತ ಕೇಳಿದರು. "ಬಣ್ಣ ಬೇರೆ ಆದ್ರೇನವ್ವ, ಗಂಟು ಅದೇ ಅಲ್ವಾ, ರೇಟೂ ಅದೇ" ಅಂದರು ಇವರಮ್ಮ. ಆ ಮಾತನ್ನು ಹುಡುಗಿಯೇ ಹೇಳಿದಳು ಅಂತ ಬರೆದಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ಹೇಳಿದ್ದು ಅಮ್ಮ, ಅದೂ ವ್ಯಾಪಾರಕ್ಕೆ. ನಾನು ಮಾತ್ರ ಕೇಳಿದ ತಕ್ಷಣ ಹಿಡಿದುಕೊಂಡೆ. ಅಲ್ಲೇ ಬಿದ್ದಿದ್ದ ಹಳೇ ಪೇಪರಿನ ಅಂಚಿನಲ್ಲಿ ತ್ರಿಭುಜ ಬರೆದೆ. ಮೂರು ಮೂಲೆಗೆ ಏನು ಹೆಸರಿಡ್ತೀಯ, ನಿನ್ನಿಷ್ಟ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೇಲೆ ಅಜ್ಜಿ, ಕೆಳಗೆ ಅಮ್ಮ ಮತ್ತು ಅತ್ತೆ ಅಂತ ಬರೆದಳು. ಅಮ್ಮನಿಗೂ ಅತ್ತೆಗೂ ನಡುವಿನ ಗೆರೆಗೆ ಸಮಾಂತರವಾಗಿ ತಾನೂ ತಮ್ಮನೂ. ಸಾಧನೆ ಶುರುವಾಯಿತು. ಒಂದೇ ಪಾದದ ಮೇಲೆ, ಒಂದೇ ಸಮಾಂತರ ರೇಖೆಗಳ ನಡುವೆ ಇರುವ ಎರಡು ತ್ರಿಭುಜಗಳ ವಿಸ್ತೀರ್ಣ ಸಮ ಅನ್ನುವ ಜಾಗಕ್ಕೆ ಬಂದಾಗ ಪೆನ್ಸಿಲ್ ನಿಂತಿತು. "ಮಿಸ್, ಪಾದ ಅಂದ್ರೆ ನಾನೂ ತಮ್ಮನೂ ನಿಂತಿರೋ ಗೆರೆ. ಅಮ್ಮನ ಕಡೆಗೊಂದು ತ್ರಿಭುಜ, ಅತ್ತೆ ಕಡೆಗೊಂದು. ಅದಕ್ಕೇ ಸಮ" ಅಂದಳು. ಅಲ್ಲಿಯವರೆಗೆ ಆ ಸಾಲನ್ನು ಅವಳು ನೂರು ಸಲ ಬರೆದಿದ್ದಳು.

ಅವತ್ತಿಂದ ದಿನಾ ಬರುತ್ತಿದ್ದಾಳೆ. ಗಿಣಿ ಅನ್ನುವ ಪದ ನಮ್ಮ ನಡುಮನೆಯಲ್ಲಿ ಈಗ ಬಂದ್.

ಇವತ್ತು ಸಂಜೆ ಹೊಸದೇನೂ ಹೇಳಿಕೊಡಲಿಲ್ಲ. ಕೊನೇ ದಿನ ಹೊಸ ಲೆಕ್ಕ ತೆಗೆದರೆ ಬರುತ್ತಿದ್ದದ್ದೂ ಹೋಗುತ್ತದೆ. ಬರೀ ಸಣ್ಣಪುಟ್ಟದ್ದು ನೆನಪಿಸಿದೆ. ಮೊದಲ ಎಂಟು ಬಹು ಆಯ್ಕೆ ಪ್ರಶ್ನೆಗೆ ಬರೀ ಬಿ, ಸಿ ಅಂತ ಬರೆದು ಓಡಬೇಡಿ, ಕ್ರಮಾಕ್ಷರದ ಜೊತೆಗೆ ಪೂರ್ತಿ ಉತ್ತರ ಬರೆಯಿರಿ ಅಂತ ಪತ್ರಿಕೆಯಲ್ಲೇ ಇರುತ್ತದೆ. ಗ್ರಾಫಿನಲ್ಲಿ ಪ್ರಮಾಣ ಬರೆಯಿರಿ, ಹಾಳೆಯನ್ನು ಉತ್ತರ ಪತ್ರಿಕೆಗೆ ಕಟ್ಟಿ. ಹತ್ತರಿಂದ ಹತ್ತೂ ಕಾಲು ಓದುವುದಕ್ಕೇ ಕೊಡುತ್ತಾರೆ, ಆ ಕಾಲು ಗಂಟೆ ಪಕ್ಕದವರ ಮುಖ ನೋಡಬೇಡಿ. ಗೊತ್ತಿಲ್ಲದ ಲೆಕ್ಕಕ್ಕೂ ದತ್ತಾಂಶ ಬರೆದು ಸೂತ್ರ ಹಾಕಿ. ಖಾಲಿ ಬಿಟ್ಟ ಜಾಗಕ್ಕೆ ಎಷ್ಟೇ ಒಳ್ಳೇ ಮನಸ್ಸಿನ ಮೇಷ್ಟ್ರು ಬಂದರೂ ಅಂಕ ಹಾಕಲು ಆಗುವುದಿಲ್ಲ.

ಇವರ ಭಯ ಬೇರೆಯೇ ಇದೆ. ಕ್ಯಾಮೆರಾ. 2024ರಿಂದ ಪರೀಕ್ಷಾ ಕೊಠಡಿಯಲ್ಲಿ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾ ಇಟ್ಟು ದೂರದಿಂದ ನೇರವಾಗಿ ನೋಡುವುದು, ಬಂದಿದೆಯಲ್ಲ, 2023ರಲ್ಲಿ ಶೇಕಡಾ 83.89 ಇದ್ದ ಫಲಿತಾಂಶ 2024ರಲ್ಲಿ 73.40ಕ್ಕೆ ಇಳಿಯಿತು. ಕಾಪಿ ನಿಂತಿದ್ದು ಒಳ್ಳೆಯದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕಾಪಿ ಹೊಡೆಯದ ಮಗುವಿಗೂ ನಡುಕ ಹುಟ್ಟಿದೆ. "ತಲೆ ಕೆರೆದುಕೊಂಡ್ರೆ ಡಿಬಾರ್ ಮಾಡ್ತಾರಾ ಮಿಸ್?" ಅಂತ ಒಬ್ಬಳು ಕೇಳಿದಳು. ನಾನು ನಕ್ಕೆ. ಅವಳು ನಗಲಿಲ್ಲ. ಹಾಗಾಗಿ ಕೂತು ವಿವರವಾಗಿ ಹೇಳಿದೆ: ಕೆರೆದುಕೋ, ಸೀನು, ಆಕಳಿಸು, ಕಿಟಕಿ ನೋಡು, ನೀರು ಕುಡಿ. ಇನ್ನೊಬ್ಬರ ಹಾಳೆ ಮಾತ್ರ ನೋಡಬೇಡ. ಈ ಸಲ ಆಗದಿದ್ದರೆ ಇದೇ ವರ್ಷ ಮತ್ತೆ ಬರೆಯಲು ಪರೀಕ್ಷೆ-2 ಇದೆ, ಪರೀಕ್ಷೆ-3 ಇದೆ, ಒಂದು ಸಲ ಜಾರಿದರೆ ವರ್ಷ ಹಾಳಾಗುವುದಿಲ್ಲ ಅಂತಲೂ ಹೇಳಿದೆ. ಅದನ್ನು ಪರೀಕ್ಷೆಯ ಹಿಂದಿನ ದಿನ ಹೇಳಬಾರದು, ಹುಡುಗರು ಸಡಿಲ ಬಿಡುತ್ತಾರೆ ಅಂತ ನಮ್ಮ ಯಜಮಾನರ ವಾದ. ಹೇಳಿದ ಮೇಲೆ ಡಿಬಾರ್ ಬಗ್ಗೆ ಕೇಳಿದ ಹುಡುಗಿ ಎರಡು ಲೋಟ ಮಜ್ಜಿಗೆ ಕುಡಿದಳು. ಬಂದಾಗಿನಿಂದ ನೀರೂ ಮುಟ್ಟಿರಲಿಲ್ಲ.

ಆಮೇಲೆ ಚೀಲದ ತಪಾಸಣೆ. ಎರಡು ಪೆನ್ನು, ಪೆನ್ಸಿಲ್, ಸ್ಕೇಲ್, ಕೈವಾರ. ಕೈವಾರದ ತಿರುಪು ಸಡಿಲ ಇದ್ದವನಿಗೆ ನಮ್ಮ ಮಾವನೇ ಬಿಗಿಮಾಡಿ ಕೊಟ್ಟರು. ಹಾಲ್ ಟಿಕೆಟ್ ತೋರಿಸಿ ಅಂದರೆ ಮ್ಯಾಚ್ ಹುಡುಗನದ್ದು ಹೊರಗೆ ಬರುತ್ತಲೇ ಇಲ್ಲ. ಕಿತ್ತುಕೊಂಡು ನೋಡಿದೆ. ಅವರಜ್ಜಿ ಅದನ್ನು ದೇವರ ಮುಂದಿಟ್ಟು ಪೂಜೆ ಮಾಡಿ, ಫೋಟೋದ ಹಣೆಗೇ ಸರಿಯಾಗಿ ಕುಂಕುಮ ಇಟ್ಟಿದ್ದಾರೆ. ಇಟ್ಟಿದ್ದು ಎಣ್ಣೆಯಲ್ಲಿ ಕಲಸಿದ ಕುಂಕುಮ, ಒರೆಸಲು ಹೋಗಿ ಅದು ರಿಜಿಸ್ಟರ್ ನಂಬರಿನ ಕೊನೆಯ ಎರಡು ಅಂಕಿಯವರೆಗೂ ಹರಡಿದೆ. ಹತ್ತಿಯಲ್ಲಿ ಮೆಲ್ಲಗೆ ಒತ್ತಿ ಒತ್ತಿ ತೆಗೆದೆವು. ಅಂಕಿ ಕಾಣುತ್ತದೆ. ಮುಖ ಮಾತ್ರ ಇನ್ನೂ ಮದುವೆ ಗಂಡಿನ ಹಾಗೇ ಇದೆ. ಬೆಳಗ್ಗೆ ಎಚ್.ಎಂ.ಗೆ ಫೋನ್ ಮಾಡಿ ಹೇಳಬೇಕು.

ಒಂಬತ್ತಕ್ಕೆ ಎಲ್ಲರನ್ನೂ ಮನೆಗೆ ಅಟ್ಟಿದೆ. ಬೇಗ ಮಲಗಿ, ಬೆಳಗ್ಗೆ ಹೊಟ್ಟೆಗೆ ಏನಾದರೂ ತಿಂದು ಹೋಗಿ, ಪರೀಕ್ಷೆ ಮುಗಿಸಿ ಬಂದ ಮೇಲೆ ಪ್ರಶ್ನೆಪತ್ರಿಕೆ ತೆಗೆದು ಉತ್ತರ ಹೋಲಿಸಿಕೊಂಡು ಕೂರಬೇಡಿ, ಬುಧವಾರಕ್ಕೆ ಇಂಗ್ಲಿಷ್ ಇದೆ ಅಂತ ಕೂಗಿ ಹೇಳಿದೆ. ಬೀದಿ ತಿರುವಿನಲ್ಲಿ ಹುಡುಗರಿಬ್ಬರೂ ಕೊಹ್ಲಿ ವಿಷಯ ಮಾತಾಡುತ್ತಿದ್ದದ್ದು ಕೇಳಿಸಿತು. ಇರಲಿ.

ಇದನ್ನು ಬರೆಯುತ್ತಾ ಕೂತಿರುವಾಗಲೇ, ಅಂದರೆ ಈಗೊಂದು ಹತ್ತು ನಿಮಿಷದ ಹಿಂದೆ, ಕುಚ್ಚಿನ ಹುಡುಗಿ ಅವರಮ್ಮನ ಫೋನಿಂದ ಮಾಡಿದ್ದಳು. ಮಲಗಿಲ್ವೇನೇ ಅಂದೆ.

"ಮಲಗಿದೀನಿ ಮಿಸ್. ನಾಳೆ ಎಕ್ಸ್‌ವೈಜೆಡ್ ಕೊಟ್ರೆ?"

"ಕೊಡಲಿ."

"ಮೇಲೆ ಎಕ್ಸ್ ಅಜ್ಜಿ ಅಲ್ವಾ?"

"ಹೂಂ, ಅಜ್ಜಿ. ಉತ್ತರ ಪತ್ರಿಕೆಯಲ್ಲಿ ಮಾತ್ರ ಅಜ್ಜಿ ಅಂತ ಬರೀಬೇಡ."

ಆ ಕಡೆ ಕಿಸಕ್ ಅಂದದ್ದು ಕೇಳಿಸಿತು, ಅವರಮ್ಮ ಏನೋ ಗದರಿದರು, ಫೋನ್ ಇಟ್ಟಳು. ನಾನೂ ಮಲಗಬೇಕು. ಬೆಳಗ್ಗೆ ಐದೂವರೆಗೆ ಡೈರಿ ಬಾಗಿಲು ತೆಗೆಯಬೇಕು, ಸ್ಯಾಂಪಲ್ ಬಾಟಲಿ ಇನ್ನೂ ತೊಳೆದಿಲ್ಲ.