ಡ್ರಗ್ಸ್ ಕೇಸಲ್ಲಿ "ಟೆಕ್ನಿಕಲ್" ಕಾರಣಕ್ಕೆ ಖುಲಾಸೆ ಆಯ್ತು ಅಂದ್ರೆ ಏನು

ಗಾಂಜಾ ಸಿಕ್ಕಿದ ಕೇಸಲ್ಲಿ ಆರೋಪಿ ಖುಲಾಸೆ ಆದ ಅಂತ ಸುದ್ದಿ ಬಂದ ತಕ್ಷಣ ಜನ ಹೇಳೋ ಮಾತು ಒಂದೇ ಥರ ಇರುತ್ತೆ, ಮಾಲು ಕೈಯಲ್ಲೇ ಸಿಕ್ಕಿತ್ತಲ್ಲ ಇನ್ನೇನು ಸಾಕ್ಷಿ ಬೇಕಿತ್ತು, ಯಾವುದೋ ಪೇಪರ್ ಸರಿ ಇಲ್ಲ ಅಂತ ಬಿಟ್ಬಿಟ್ರು ಅಂತ. ಆ ಸಿಟ್ಟು ನಂಗೆ ಅರ್ಥ ಆಗುತ್ತೆ, ಮಾದಕ ವಸ್ತುವಿನಿಂದ ಹಾಳಾದ ಮನೆ ಹತ್ತಿರದಿಂದ ನೋಡಿದೋರಿಗೆ ಬರಲೇಬೇಕಾದ ಸಿಟ್ಟು ಅದು. ಆದ್ರೆ ಎನ್‌ಡಿಪಿಎಸ್ (ಮಾದಕ ವಸ್ತು ತಡೆ ಕಾಯ್ದೆ) ಕೇಸುಗಳ ತೀರ್ಪುಗಳನ್ನ ಪೂರ್ತಿ ಓದ್ತಾ ಹೋದ ಹಾಗೆ ಒಂದು ವಿಷಯ ಸ್ಪಷ್ಟ ಆಗುತ್ತೆ, ಇಂಥ ಕೇಸಲ್ಲಿ ಆ "ಪೇಪರ್" ಬಿಟ್ರೆ ಬೇರೆ ಸಾಕ್ಷಿನೇ ಇರಲ್ಲ.

ಯೋಚನೆ ಮಾಡಿ ನೋಡಿ. ಕೊಲೆ ಕೇಸಲ್ಲಿ ಹೆಣ ಇರುತ್ತೆ, ಹಳೇ ದ್ವೇಷ ಇರುತ್ತೆ, ಕಣ್ಣಾರೆ ಕಂಡೋರು ಇರ್ತಾರೆ. ಡ್ರಗ್ಸ್ ಇಟ್ಕೊಂಡಿದ್ದ ಅನ್ನೋ ಕೇಸಲ್ಲಿ ನನಗೆ ಅನ್ಯಾಯ ಆಯ್ತು ಅಂತ ಬಂದು ದೂರು ಕೊಡೋರು ಯಾರೂ ಇಲ್ಲ. ಖಚಿತ ಮಾಹಿತಿ ಬಂತು ಅಂತ ಹೇಳೋದು ಪೊಲೀಸ್ರು, ಹೋಗಿ ಹಿಡಿಯೋದು ಪೊಲೀಸ್ರು, ಜೇಬು ತಡಕೋದು, ತೂಕ ಹಾಕೋದು, ಅರಗು ಹಚ್ಚಿ ಸೀಲ್ ಮಾಡೋದು, ಮಹಜರ್ ಬರೆಯೋದು, ಕೊನೆಗೆ ಕಟಕಟೆ ಹತ್ತಿ ಸಾಕ್ಷಿ ಹೇಳೋದು ಎಲ್ಲಾ ಅದೇ ಸ್ಟೇಷನ್ನಿನವರು. ಜಪ್ತಿಗೆ ಸಾಕ್ಷಿಯಾಗಿ ಸಹಿ ಹಾಕೋ ಪಂಚರು ಅಂತ ಇಬ್ಬರು ಇರ್ತಾರೆ, ಅವರಲ್ಲಿ ಬಹಳ ಜನ ಕೋರ್ಟಲ್ಲಿ ಉಲ್ಟಾ ಹೊಡೀತಾರೆ, ಸ್ಟೇಷನ್‌ನಲ್ಲಿ ಸಹಿ ಹಾಕಿಸ್ಕೊಂಡ್ರು ನಂಗೇನೂ ಗೊತ್ತಿಲ್ಲ ಅಂತಾರೆ. ಪಂಚರು ಹೋಸ್ಟೈಲ್ ಆದ್ರು ಅನ್ನೋ ಒಂದೇ ಕಾರಣಕ್ಕೆ ಕೇಸ್ ಬೀಳಲ್ಲ, ಪೊಲೀಸರ ಸಾಕ್ಷ್ಯ ನಂಬೋ ಹಾಗಿದ್ರೆ ಅದರ ಮೇಲೇ ಶಿಕ್ಷೆ ಕೊಡಬಹುದು ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಆದ್ರೆ ನಂಬೋ ಹಾಗಿದೆಯಾ ಅಂತ ಜಡ್ಜ್ ನೋಡೋದಾದ್ರೂ ಹೇಗೆ? ಆ ದಿನ ಯಾವ ಹೊತ್ತಿಗೆ ಏನು ಬರೆದ್ರು, ಯಾರಿಗೆ ಕಳಿಸಿದ್ರು, ಸೀಲ್ ಯಾರ ಹತ್ರ ಇತ್ತು, ಇದರಿಂದಲೇ ತಾನೆ.

ಇದರ ಮೇಲೆ 1985ರ ಈ ಎನ್‌ಡಿಪಿಎಸ್ ಕಾನೂನು ಆರೋಪಿ ತಲೆ ಮೇಲೆ ಇಟ್ಟಿರೋ ಭಾರ ಬೇರೆ. ಮಾಲು ನಿನ್ನ ಹತ್ರ ಸಿಕ್ಕಿತು ಅಂತಾದ್ರೆ ಸೆಕ್ಷನ್ 54ರ ಪ್ರಕಾರ ಅಪರಾಧ ಮಾಡಿದೀಯ ಅಂತಲೇ ಕೋರ್ಟ್ ಊಹಿಸಬಹುದು, ಸೆಕ್ಷನ್ 35ರ ಪ್ರಕಾರ ನಿಂಗೆ ಗೊತ್ತಿದ್ದೇ ಇಟ್ಕೊಂಡಿದ್ದೆ ಅಂತ ಕೋರ್ಟ್ ಊಹಿಸಲೇಬೇಕು, ಇಲ್ಲ ಅಂತ ತೋರಿಸೋದು ನಿನ್ನ ಕೆಲಸ. ಬೇರೆ ಕ್ರಿಮಿನಲ್ ಕೇಸಲ್ಲಿ ನಾವು ಬೆಳೆದು ಬಂದ ನಿಯಮಕ್ಕೆ ಇದು ಪೂರ್ತಿ ಉಲ್ಟಾ. ಕಮರ್ಷಿಯಲ್ ಪ್ರಮಾಣ, ಅಂದ್ರೆ ಕಾನೂನು ದೊಡ್ಡದು ಅಂತ ಗೆರೆ ಹಾಕಿರೋ ತೂಕ, ಆದ್ರೆ ಕಮ್ಮಿ ಅಂದ್ರೂ 10 ವರ್ಷ, 20 ವರ್ಷದವರೆಗೂ ಹೋಗಬಹುದು, ಜೊತೆಗೆ ಕನಿಷ್ಠ 1 ಲಕ್ಷ ದಂಡ, ಜಡ್ಜ್‌ಗೆ ಮನಸ್ಸಿದ್ರೂ 10ಕ್ಕಿಂತ ಕೆಳಗೆ ಇಳಿಯೋಕೆ ಆಗಲ್ಲ. ಹಾಗಾಗಿಯೇ 2008ರಲ್ಲಿ ನೂರ್ ಆಗಾ ಕೇಸಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೀತು, ಊಹೆ ಆಮೇಲೆ, ಮೊದಲು ಮಾಲು ಈ ಮನುಷ್ಯನ ಹತ್ರಾನೇ ಸಿಕ್ಕಿತು ಅನ್ನೋ ಬುನಾದಿಯನ್ನ ಪ್ರಾಸಿಕ್ಯೂಷನ್ ಸಂಶಯ ಇಲ್ಲದ ಹಾಗೆ ಸಾಬೀತು ಮಾಡಬೇಕು, ಶಿಕ್ಷೆ ಎಷ್ಟು ಕಠಿಣವೋ ಸಾಕ್ಷ್ಯದ ಪರೀಕ್ಷೆನೂ ಅಷ್ಟೇ ಕಠಿಣ ಇರಬೇಕು ಅಂತ. ಅಮೃತಸರದ ಏರ್‌ಪೋರ್ಟ್‌ನಲ್ಲಿ ಹೆರಾಯಿನ್ ಸಿಕ್ಕಿದ ಕೇಸದು, ಜಪ್ತಿ ಮಾಡಿದ ಮಾಲು ಆಗಲಿ ಅದಿದ್ದ ರಟ್ಟಿನ ಡಬ್ಬ ಆಗಲಿ ಕೋರ್ಟ್ ಮುಂದೆ ಬರಲೇ ಇಲ್ಲ.

"ಹತ್ರ ಇತ್ತು" ಅನ್ನೋದೂ ಅಂದ್ಕೊಂಡಷ್ಟು ಸಲೀಸಲ್ಲ. ವಾಹನದಲ್ಲಿ ಗಸಗಸೆ ಕಾಯಿ ಸಿಪ್ಪೆ ತುಂಬಿದ ಚೀಲಗಳ ಮೇಲೆ ಕೂತು ಹೋಗ್ತಿದ್ದವರನ್ನ 2002ರಲ್ಲಿ ಸುಪ್ರೀಂ ಕೋರ್ಟ್ ಬಿಟ್ಟಿತು, ಚೀಲದ ಮೇಲೆ ಕೂತಿದ್ರು ಅಂದ ಮಾತ್ರಕ್ಕೆ ಅದು ಅವರ ವಶದಲ್ಲಿತ್ತು ಅಂತ ಹೇಳೋಕಾಗಲ್ಲ ಅಂತ. ಮಾರನೇ ವರ್ಷವೇ ಕಾರಲ್ಲಿ ಚರಸ್ ಸಿಕ್ಕಿದ ಇನ್ನೊಂದು ಕೇಸಲ್ಲಿ ಒಟ್ಟಿಗೆ ಹೊರಟವರೆಲ್ಲರಿಗೂ ಗೊತ್ತಿತ್ತು ಅಂತ ಶಿಕ್ಷೆ ಎತ್ತಿ ಹಿಡೀತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದ್ರೆ ಮೊದಲು ಗೊಂದಲ ಆಗುತ್ತೆ, ಆದ್ರೆ ಕೋರ್ಟ್ ಹುಡುಕ್ತಾ ಇರೋದು ಒಂದೇ, ಗೊತ್ತಿದ್ದೂ ಹಿಡಿತದಲ್ಲಿ ಇಟ್ಕೊಂಡಿದ್ರಾ ಅಂತ.

ಇನ್ನು ಸೆಕ್ಷನ್ 50. ಮೈ ಮೇಲೆ ಶೋಧ ಮಾಡೋ ಮುಂಚೆ ಆ ವ್ಯಕ್ತಿಗೆ ಹೇಳಬೇಕು, ನೋಡಪ್ಪ ಹತ್ತಿರದ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರಲ್ಲೇ ನನ್ನ ಶೋಧ ಆಗಲಿ ಅಂತ ಕೇಳೋ ಹಕ್ಕು ನಿಂಗಿದೆ ಅಂತ. 1999ರಲ್ಲಿ ಬಲದೇವ್ ಸಿಂಗ್ ಕೇಸಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಈ ಹಕ್ಕು ತಿಳಿಸಲೇಬೇಕು, ತಿಳಿಸದೆ ಸಿಕ್ಕಿದ ಮಾಲಿನ ಮೇಲಷ್ಟೇ ಶಿಕ್ಷೆ ಕೊಟ್ರೆ ಅದು ನಿಲ್ಲಲ್ಲ ಅಂತ ಹೇಳಿತು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಶೋಧ ಕಾನೂನುಬಾಹಿರ ಆಗಿದ್ರೂ ಸಿಕ್ಕಿದ ವಸ್ತುವನ್ನ ಸಾಕ್ಷ್ಯವಾಗಿ ತಗೊಳ್ತಾರೆ, ಅದು 1974ರಿಂದಲೂ ಇರೋ ನಿಲುವು, ಹಾಗಿದ್ದೂ ಇಲ್ಲಿ ಮಾತ್ರ ಬೇರೆ ಲೆಕ್ಕ ಅಂದ್ರು ಅನ್ನೋದೇ ಇದರ ತೂಕ ಹೇಳುತ್ತೆ. ಆಮೇಲೆ ಕೆಲವು ಪೀಠಗಳು ಹೆಚ್ಚುಕಮ್ಮಿ ಪಾಲಿಸಿದ್ರೆ ಸಾಕು ಅಂತ ಸಡಿಲ ಮಾಡೋಕೆ ನೋಡಿದವು, 2010ರಲ್ಲಿ ವಿಜಯ್‌ಸಿನ್ಹ್ ಜಡೇಜಾ ಕೇಸಲ್ಲಿ ಮತ್ತೆ ಐವರ ಪೀಠ ಕೂತು ಆ ಹೆಚ್ಚುಕಮ್ಮಿ ನಡೆಯಲ್ಲ, ಕಟ್ಟುನಿಟ್ಟಾಗಿ ಪಾಲಿಸಿ ಅಂತು. 2014ರ ಒಂದು ತೀರ್ಪಂತೂ ಇಬ್ಬರು ಆರೋಪಿಗಳಿಗೂ ಸೇರಿಸಿ ಒಂದೇ ನೋಟಿಸ್ ಕೊಟ್ಟು ಒಬ್ಬನ ಹತ್ರ ಸಹಿ ಮಾಡಿಸಿದ್ದನ್ನೂ, ದಾಳಿ ತಂಡದ ಅಧಿಕಾರಿ ಎದುರೇ ಆಗಬಹುದು ಅಂತ ಮೂರನೇ ಆಯ್ಕೆ ತೋರಿಸಿದ್ದನ್ನೂ ಒಪ್ಪಲಿಲ್ಲ. ನಂಗೆ ಇದು ಸರಿ ಅನ್ಸುತ್ತೆ, ರಾತ್ರಿ ಹೊತ್ತು ನಾಲ್ಕು ಜನ ಪೊಲೀಸ್ರ ಮಧ್ಯ ನಿಂತವನಿಗೆ ಅವರೇ ಮೂರನೇ ಆಯ್ಕೆ ಕೊಟ್ರೆ ಅವನು ಏನು ಅಂತಾನೆ?

ಆದ್ರೆ ಬ್ಯಾಗ್ ವಿಷಯ ಬಂದಾಗ ಕಥೆ ಬದಲಾಗುತ್ತೆ. ಸೆಕ್ಷನ್ 50 ಇರೋದು ದೇಹದ ಶೋಧಕ್ಕೆ ಮಾತ್ರ, ಕೈಯಲ್ಲಿರೋ ಬ್ಯಾಗ್, ಸೂಟ್‌ಕೇಸ್, ಗಾಡಿಗೆ ಇಲ್ಲ ಅಂತ 2005ರಿಂದ ನಿಂತಿದೆ, 2023ರಲ್ಲಿ ಮತ್ತೆ ಹೇಳಿದ್ರು. ಭುಜದ ಮೇಲಿನ ಬ್ಯಾಗಲ್ಲಿ ಮಾಲು ಸಿಕ್ಕಿದ್ರೆ ಹಕ್ಕು ತಿಳಿಸದೇ ಇದ್ರೂ ನಡೆಯುತ್ತೆ, ಪ್ಯಾಂಟ್ ಜೇಬಲ್ಲಿ ಸಿಕ್ಕಿದ್ರೆ ನಡೆಯಲ್ಲ. ಕಾನೂನಿನ ಪದಕ್ಕೆ ಇದು ಸರಿಹೋಗುತ್ತೆ, ಹಕ್ಕಿನ ಉದ್ದೇಶಕ್ಕೆ ಸರಿಹೋಗುತ್ತಾ ಅಂತ ನಂಗೆ ಇವತ್ತಿಗೂ ಅನುಮಾನ ಇದೆ.

ಮನೆ, ಗೋಡೌನ್ ಥರದ ಜಾಗಕ್ಕೆ ವಾರಂಟ್ ಇಲ್ಲದೆ ಹೋಗೋದಾದ್ರೆ ಸೆಕ್ಷನ್ 42 ಬರುತ್ತೆ, ಬಂದ ಮಾಹಿತಿ ಬರೆದಿಟ್ಟು 72 ಗಂಟೆ ಒಳಗೆ ಮೇಲಧಿಕಾರಿಗೆ ಕಳಿಸಬೇಕು. ತುರ್ತಲ್ಲಿ ಸ್ವಲ್ಪ ತಡ ಆಗಿ ಅದಕ್ಕೆ ಒಪ್ಪೋ ಕಾರಣ ಇದ್ರೆ ಸರಿ, ಬರೆಯಲೇ ಇಲ್ಲ ಕಳಿಸಲೇ ಇಲ್ಲ ಅಂದ್ರೆ ಆಗಲ್ಲ, ಇದು 2009ರ ಐವರ ಪೀಠದ ಮಾತು. ರಸ್ತೆ, ಬಸ್ ಸ್ಟ್ಯಾಂಡ್ ಥರದ ಸಾರ್ವಜನಿಕ ಜಾಗಕ್ಕೆ ಸೆಕ್ಷನ್ 43, ಅಲ್ಲಿ ಈ ಬರವಣಿಗೆ ಬೇಕಿಲ್ಲ, ಅದಕ್ಕೇ ಎಷ್ಟೋ ಕೇಸಲ್ಲಿ ಎಲ್ಲಿ ಹಿಡಿದ್ರು ಅನ್ನೋದೇ ದೊಡ್ಡ ಜಗಳ ಆಗುತ್ತೆ.

ನಂಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಮಾಲಿನ ಪ್ರಯಾಣ. ಜಪ್ತಿ ಆದ ಜಾಗದಿಂದ ಸ್ಟೇಷನ್ನಿಗೆ, ಅಲ್ಲಿಂದ ಮ್ಯಾಜಿಸ್ಟ್ರೇಟ್ ಎದುರಿಗೆ, ಅಲ್ಲಿಂದ ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಲ್ಯಾಬ್), ವಾಪಸ್ ಕೋರ್ಟಿಗೆ, ಈ ದಾರಿಯಲ್ಲಿ ಒಂದು ಕೊಂಡಿ ಕಳಚಿದ್ರೂ ಲ್ಯಾಬ್ ರಿಪೋರ್ಟ್‌ನಲ್ಲಿ ಇರೋದು ಇವನ ಹತ್ರ ಸಿಕ್ಕಿದ ಪುಡಿನೇ ಅಂತ ಹೇಳೋರು ಯಾರು? ಸೆಕ್ಷನ್ 52ಎ ಪ್ರಕಾರ ಪಟ್ಟಿ ಮಾಡಿ, ಮ್ಯಾಜಿಸ್ಟ್ರೇಟ್ ಎದುರಲ್ಲಿ ಸ್ಯಾಂಪಲ್ ತೆಗೆದು ದೃಢೀಕರಿಸಿಕೊಳ್ಳಬೇಕು, 2016ರಲ್ಲಿ ಸುಪ್ರೀಂ ಕೋರ್ಟ್ ಇದನ್ನ ಒತ್ತಿ ಹೇಳಿತು, ಯಾಕಂದ್ರೆ ಅಲ್ಲಿವರೆಗೂ ಹಿಡಿದ ಜಾಗದಲ್ಲೇ ಸ್ಯಾಂಪಲ್ ತೆಗೆದು ಮುಗಿಸೋ ರೂಢಿ ಇತ್ತು. 52ಎ ತಪ್ಪಿದ್ರೆ ಸಾಕು ಕೇಸ್ ಬಿತ್ತು ಅನ್ನೋ ಥರ ಒಂದಷ್ಟು ತೀರ್ಪುಗಳೂ ಬಂದವು, ಆದ್ರೆ 2025ರ ಜನವರಿಯಲ್ಲಿ ಛತ್ತೀಸ್‌ಗಢದ ಒಂದು ಕೇಸಲ್ಲಿ ಅದೊಂದೇ ಕಾರಣ ಸಾಲದು, ಉಳಿದ ಸಾಕ್ಷ್ಯ ಗಟ್ಟಿ ಇದ್ರೆ ಶಿಕ್ಷೆ ಕೊಡಬಹುದು, ಮಾಲಿನ ಬಗ್ಗೆಯೇ ಅನುಮಾನ ಹುಟ್ಟಿದ್ರೆ ಮಾತ್ರ ಏಟು ಬೀಳುತ್ತೆ ಅಂತ ಹೇಳಿದ್ರು. ಅಂದ್ರೆ ಕೋರ್ಟ್‌ಗಳು ಕಣ್ಣು ಮುಚ್ಕೊಂಡು ಪೇಪರ್ ಎಣಿಸ್ತಾ ಕೂರ್ತಾವೆ ಅನ್ನೋದು ಸುಳ್ಳು. ತನಿಖೆ ಮಾಡಿದೋನೇ ದೂರು ಕೊಟ್ಟೋನೂ ಆಗಿದ್ರೆ ಕೇಸ್ ನಿಲ್ಲಲ್ಲ ಅಂತ 2018ರಲ್ಲಿ ಬಂದ ತೀರ್ಪನ್ನೂ 2020ರಲ್ಲಿ ಐವರ ಪೀಠ ತೆಗೆದುಹಾಕಿತು, ಪಕ್ಷಪಾತ ಆಗಿದೆ ಅಂತ ತೋರಿಸಿ ಅಂತು.

ತೂಕದ ಲೆಕ್ಕದಲ್ಲಿ ಬದುಕೇ ತಿರುಗುತ್ತೆ. ಗಾಂಜಾಕ್ಕೆ 1 ಕೆಜಿವರೆಗೂ ಸಣ್ಣ ಪ್ರಮಾಣ, 20 ಕೆಜಿ ದಾಟಿದ್ರೆ ಕಮರ್ಷಿಯಲ್, ಹೆರಾಯಿನ್‌ಗೆ 5 ಗ್ರಾಂ ಮತ್ತು 250 ಗ್ರಾಂ, ಎಂಡಿಎಂಎ ಅನ್ನೋ ಪಾರ್ಟಿ ಡ್ರಗ್‌ಗೆ ಅರ್ಧ ಗ್ರಾಂ ಮತ್ತು 10 ಗ್ರಾಂ. 2020ರ ಹೀರಾ ಸಿಂಗ್ ತೀರ್ಪಾದ ಮೇಲೆ ಬೆರಕೆ ಪುಡಿಯ ಒಟ್ಟು ತೂಕ ಲೆಕ್ಕಕ್ಕೆ ಬರುತ್ತೆ, 300 ಗ್ರಾಂ ಪುಡಿಯಲ್ಲಿ ಹೆರಾಯಿನ್ 15 ಗ್ರಾಮೇ ಇದ್ರೂ ಅದು ಕಮರ್ಷಿಯಲ್. ಗಾಂಜಾದಲ್ಲಿ ಮಾತ್ರ ಕಾನೂನಿನ ವ್ಯಾಖ್ಯೆಯೇ ಬೇರೆ, ಹೂವು ಕಾಯಿ ಬಿಟ್ಟ ತುದಿ ಮಾತ್ರ ಗಾಂಜಾ, ತುದಿ ಜೊತೆ ಇಲ್ಲದ ಎಲೆ ಬೀಜ ಗಾಂಜಾ ಅಲ್ಲ. ಹೊಲದಿಂದ ಗಿಡ ಬೇರು ಸಮೇತ ಕಿತ್ತು ಕಾಂಡ ಎಲೆ ಎಲ್ಲಾ ಸೇರಿಸಿ ತೂಗಿ 22 ಕೆಜಿ ಅಂತ ಬರೆದ್ರೆ ಅದರಲ್ಲಿ ನಿಜವಾದ ಗಾಂಜಾ ಎಷ್ಟು ಅನ್ನೋದನ್ನ ಬೇರ್ಪಡಿಸಿ ತೂಗಿದೋರು ಯಾರೂ ಇರಲ್ಲ.

ತಪ್ಪೊಪ್ಪಿಗೆ ವಿಷಯ ಬೇಗ ಮುಗಿಸ್ತೀನಿ. ಎನ್‌ಸಿಬಿ (ಕೇಂದ್ರದ ಮಾದಕ ವಸ್ತು ನಿಯಂತ್ರಣ ಸಂಸ್ಥೆ) ಥರದ ಅಧಿಕಾರಿಗಳ ಮುಂದೆ ಸೆಕ್ಷನ್ 67ರಲ್ಲಿ ಕೊಟ್ಟ ಹೇಳಿಕೆ ಮೇಲೆ ಎಷ್ಟೋ ವರ್ಷ ಜನರನ್ನ ಜೈಲಿಗೆ ಕಳಿಸಿದ್ರು, 2020ರ ಅಕ್ಟೋಬರ್‌ನಲ್ಲಿ ತೂಫಾನ್ ಸಿಂಗ್ ಕೇಸಲ್ಲಿ 2-1 ಬಹುಮತದಿಂದ ಅವರೂ ಪೊಲೀಸ್ ಅಧಿಕಾರಿಗಳೇ, ಆ ತಪ್ಪೊಪ್ಪಿಗೆ ಸಾಕ್ಷ್ಯ ಆಗಲ್ಲ ಅಂತ ಆಯ್ತು.

ಈಗ ನಂಗೆ ನಿಜವಾಗಿ ಸಂಕಟ ಆಗೋ ಜಾಗ. ಇಷ್ಟೆಲ್ಲ ತೂಗಿ ನೋಡೋದು ವಿಚಾರಣೆ ಕೊನೆಗೆ. ಕಮರ್ಷಿಯಲ್ ಅಂತ ಎಫ್‌ಐಆರ್‌ನಲ್ಲಿ ಬಿದ್ದ ದಿನವೇ ಸೆಕ್ಷನ್ 37 ಅಡ್ಡ ನಿಲ್ಲುತ್ತೆ, ಇವನು ಅಪರಾಧಿ ಅಲ್ಲ ಅಂತ ನಂಬೋಕೆ ಕಾರಣ ಇದೆ, ಬಿಟ್ರೆ ಮತ್ತೆ ಅಪರಾಧ ಮಾಡಲ್ಲ ಅಂತ ಎರಡೂ ಕೋರ್ಟಿಗೆ ಮನದಟ್ಟಾದ್ರೆ ಮಾತ್ರ ಜಾಮೀನು. ಚಾರ್ಜ್‌ಶೀಟ್‌ಗೇ 180 ದಿನ ಟೈಮ್, ಕೋರ್ಟ್ ಒಪ್ಪಿದ್ರೆ 1 ವರ್ಷದವರೆಗೂ. ನೋಟಿಸ್ ಸರಿ ಕೊಟ್ಟಿಲ್ಲ, ಸ್ಯಾಂಪಲ್ ತಡ ಆಯ್ತು ಅಂತ ಜಾಮೀನು ಅರ್ಜಿಯಲ್ಲಿ ಹೇಳಿದ್ರೆ ಅದು ಟ್ರಯಲ್‌ನಲ್ಲಿ ನೋಡೋ ವಿಷಯ ಅನ್ನೋ ಉತ್ತರವೇ ಹೆಚ್ಚು. 2023ರಲ್ಲಿ ಸುಪ್ರೀಂ ಕೋರ್ಟ್ 7 ವರ್ಷಕ್ಕೂ ಹೆಚ್ಚು ಒಳಗಿದ್ದ ವಿಚಾರಣಾಧೀನ ಕೈದಿಗೆ ಜಾಮೀನು ಕೊಡ್ತಾ ವಿಚಾರಣೆ ಇಷ್ಟು ಎಳೆದ್ರೆ ಸೆಕ್ಷನ್ 37 ಅಡ್ಡಿ ಆಗಲ್ಲ ಅಂತು. ಒಳ್ಳೇದೇ, ಆದ್ರೆ 7 ವರ್ಷ ಆಗೋಗಿತ್ತಲ್ಲ.

ಹಾಗಾಗಿ ಇಂಥ ಕೇಸ್ ಯಾರ ಮನೆಗಾದ್ರೂ ಬಂದಿದ್ರೆ ನಾನು ಹೇಳೋದು ಇಷ್ಟೇ, ಚಾರ್ಜ್‌ಶೀಟ್ ಬಂದ ದಿನವೇ ವಕೀಲರ ಜೊತೆ ಕೂತು ಜಪ್ತಿ ಮಹಜರಿನ ಸಮಯ, ಸೆಕ್ಷನ್ 50ರ ನೋಟಿಸ್, 52ಎ ಅರ್ಜಿ ಹಾಕಿದ ತಾರೀಖು, ಎಫ್‌ಎಸ್‌ಎಲ್ ಸ್ವೀಕರಿಸಿದ ತಾರೀಖು, ಸೀಲ್ ಗುರುತು ಎರಡೂ ಕಡೆ ಒಂದೇ ಇದೆಯಾ ಇವಿಷ್ಟನ್ನ ಒಂದು ಹಾಳೆ ಮೇಲೆ ಬರ್ಕೊಳ್ಳಿ. 2024ರ ಜುಲೈ 1ರಿಂದ ಸಿಆರ್‌ಪಿಸಿ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ ಸೆಕ್ಷನ್ 105 ಪ್ರಕಾರ ಶೋಧ ಜಪ್ತಿಯನ್ನ ವಿಡಿಯೋ ಮಾಡಬೇಕು, ಆ ವಿಡಿಯೋ ಎಲ್ಲಿ ಅಂತನೂ ಕೇಳಿ.