ಸಿಟ್ಟನ್ನು ನುಂಗಿಕೊಳ್ಳಬೇಕಾ, ಕಾರಿಬಿಡಬೇಕಾ?

ಉಡುಪಿಯ ಒಂದು ಕಾಲೇಜಿನಲ್ಲಿ ಮಕ್ಕಳಿಗೆ ಕೌನ್ಸೆಲಿಂಗ್ ಮಾಡುವ ಕೆಲಸ ನನ್ನದು. ಹಾಗಾಗಿ ಮದುವೆ ಮನೆಯಲ್ಲೂ ಪಕ್ಕದ ಎಲೆಯವರು ಕೇಳಿಯೇ ಕೇಳುತ್ತಾರೆ: "ಸಿಟ್ಟು ಬಂದರೆ ಎಂತ ಮಾಡುವುದು ಮಾರಾಯ್ರೆ? ಒಳಗೇ ಇಟ್ಟುಕೊಂಡರೆ ಬಿಪಿ ಬರುತ್ತದಂತೆ. ಹೊರಗೆ ಹಾಕಿಬಿಡುವುದೇ ಒಳ್ಳೆಯದಲ್ವಾ?"

ಅಲ್ಲ. ಕೂಗಾಡಿ ಬಾಗಿಲು ಬಡಿದರೆ ಆ ಹೊತ್ತಿಗೆ ಹಾಯೆನಿಸುತ್ತದೆ, ನಿಜ. ಆದರೆ ಅಮೆರಿಕದ ಮನೋವಿಜ್ಞಾನಿ ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮನ್ನು ಕೆರಳಿಸಿದವನನ್ನೇ ನೆನೆಸಿಕೊಂಡು ಪಂಚಿಂಗ್ ಬ್ಯಾಗ್‌ಗೆ ಗುದ್ದಿದವರ ಸಿಟ್ಟು, ಏನೂ ಮಾಡದೆ ಸುಮ್ನೆ ಕೂತವರ ಸಿಟ್ಟಿಗಿಂತ ಜಾಸ್ತಿಯೇ ಇತ್ತು.

ಹಾಗಂತ ನುಂಗಿಕೊಳ್ಳುವುದೂ ಬೇಡ. ಮುಖದಲ್ಲಿ ಏನೂ ತೋರಿಸಬೇಡಿ ಎಂದು ಹೇಳಿ ಸಿನಿಮಾ ತುಣುಕು ತೋರಿಸುವ ಪ್ರಯೋಗಗಳನ್ನು ಜೇಮ್ಸ್ ಗ್ರಾಸ್ ಎಂಬವರು ಮಾಡಿದ್ದಾರೆ. ಮುಖವೇನೋ ಸುಮ್ಮನಿರುತ್ತದೆ. ಒಳಗಿನ ಬೇಸರ ಮಾತ್ರ ಇದ್ದಲ್ಲೇ ಇರುತ್ತದೆ, ಸಾಲದ್ದಕ್ಕೆ ನೋಡಿದ್ದೂ ಸರಿಯಾಗಿ ನೆನಪಿರುವುದಿಲ್ಲ. ನಮ್ಮ ಕಡೆ ಗಂಡುಮಕ್ಕಳಿಗೆ ಚಿಕ್ಕಂದಿನಿಂದ ಕಲಿಸುವ ವಿದ್ಯೆ ಇದೇ.

ಮತ್ತೆ ಎಂತ ಮಾಡುವುದು? ಮಂಗಳೂರಲ್ಲಿ ಕೆಲಸ ಮಾಡುವ ಅಪ್ಪ ಅಂದುಕೊಳ್ಳಿ. ಸಂಜೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿಂತೇ ಉಡುಪಿಗೆ ಬಂದಿದ್ದಾರೆ, ಮಗ ಮೊಬೈಲ್ ಹಿಡಿದು ಮಲಗಿದ್ದಾನೆ, ಶುರುವಾಯಿತು ಬೈಗುಳ. ಇಂಥವರು ನನ್ನ ಹತ್ತಿರ ಬಂದರೆ ಮೊದಲು ಮಗನ ವಿಷಯ ಕೇಳುವುದಿಲ್ಲ, ಮಧ್ಯಾಹ್ನ ಊಟ ಮಾಡಿದ್ರಾ, ರಾತ್ರಿ ನಿದ್ದೆ ಬರುತ್ತದಾ ಎಂದು ಕೇಳುತ್ತೇನೆ. ಅರ್ಧ ಜಗಳ ಹಸಿವು ಮತ್ತು ನಿದ್ದೆಗೇಡಿನದ್ದೇ. ಉಳಿದರ್ಧವನ್ನು ಕೆದಕಿದರೆ ಸಿಟ್ಟಿನ ಅಡಿಯಲ್ಲಿ ಹೆಚ್ಚಾಗಿ ಹೆದರಿಕೆ ಸಿಗುತ್ತದೆ: ಸಿಇಟಿಯಲ್ಲಿ ಒಳ್ಳೆ ರ್‍ಯಾಂಕ್ ಬರದಿದ್ದರೆ ಸೀಟಿಗೆ ಸಾಲ ಮಾಡಬೇಕಲ್ಲ ಎಂಬ ಹೆದರಿಕೆ. ಅದನ್ನು ತನಗೆ ತಾನೇ ಹೇಳಿಕೊಂಡರೂ ಬಿಸಿ ಸ್ವಲ್ಪ ಇಳಿಯುತ್ತದೆ. ಭಾವನೆಗೆ ಹೆಸರು ಕೊಟ್ಟಾಗ ಮೆದುಳಿನಲ್ಲಿ ಹೆದರಿಕೆ, ಸಿಟ್ಟು ಬಂದಾಗ ಚುರುಕಾಗುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗುವುದನ್ನು ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಸ್ಕ್ಯಾನ್‌ನಲ್ಲೇ ಕಂಡಿತ್ತು.

ಅಷ್ಟು ಯೋಚಿಸುವ ಸ್ಥಿತಿಯೇ ಇಲ್ಲದಿದ್ದರೆ ಉಸಿರನ್ನು ನಿಧಾನಕ್ಕೆ, ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಬಿಡಿ. ಉಸಿರು ಬಿಡುವಾಗ ಎದೆಬಡಿತ ನಿಧಾನವಾಗುತ್ತದೆ. ಅಂಗಳದಲ್ಲಿ ನಾಲ್ಕು ಸುತ್ತು ಹಾಕಿ ಬನ್ನಿ. ಆಮೇಲೆ ಮಗನ ಹತ್ತಿರ ಕೂತು "ನನಗೆ ಫೀಸಿನ ಚಿಂತೆ ಉಂಟು ಮಗಾ" ಎಂದು ನೇರ ಹೇಳಿ. ಬೈದದ್ದಕ್ಕೆ ಅವನು ಎದುರು ಮಾತಾಡಬಹುದು, ಇದಕ್ಕೆ ಜಗಳ ತೆಗೆಯುವುದು ಕಷ್ಟ.

ಎಲ್ಲ ಸಿಟ್ಟನ್ನೂ ಆರಿಸಬೇಕಂತಲೂ ಇಲ್ಲ. ಮಾಲೀಕ ಸಂಬಳ ಹಿಡಿದಿಟ್ಟುಕೊಂಡರೆ ಬರುವ ಸಿಟ್ಟು ಸರಿಯಾದದ್ದೇ. ಅದಕ್ಕೆ ಬೇಕಾದದ್ದು ಒಂದು ದೂರು ಪತ್ರ, ಧ್ಯಾನವಲ್ಲ.

ಆದರೆ ಕೈ ಎತ್ತುವಷ್ಟು ಆಗುತ್ತಿದ್ದರೆ, ಅಥವಾ ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ನನ್ನ ಈ ಮಾತೆಲ್ಲ ಸಾಲದು. ಸರಕಾರದ ಟೆಲಿ ಮಾನಸ್ ಸಹಾಯವಾಣಿ ಉಂಟು, 14416. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಮಾಡಿದ್ದು ಅತ್ತೆ ಮನೆಯವರಿಗೆ ಗೊತ್ತಾಗುತ್ತದಾ ಎಂದೂ ಕೆಲವರು ನನ್ನನ್ನು ಕೇಳುತ್ತಾರೆ. ನೀವು ಹೇಳದಿದ್ದರೆ ಗೊತ್ತಾಗುವುದಿಲ್ಲ.